ಎರಡು ಗಾಡಿಗಳ ನಡುವಣ ಅಂತರ

ಇಂದು ನಾನು ಪ್ರಸ್ತಾಪಿಸಬೇಕೆಂದಿರುವ ವಿಷಯ ಮೇಲ್ನೋಟಕ್ಕೆ ಎಂಜಿನಿಯರುಗಳಿಗೆ ಮಾತ್ರ ಸಂಬಂಧಿಸಿದ್ದೆಂದು ತೋರಬಹುದು. ಒಂದೇ ಹಾದಿಯಲ್ಲಿ ಒಂದರ ಹಿಂದೊಂದು ಓಡುವ ಎರಡು ಗಾಡಿಗಳ ನಡುವೆ ಎಷ್ಟು ಅಂತರವಿರಬೇಕು? ಆ ಅಂತರವನ್ನು ಕಾಯುವವರು ಯಾರು? ಪ್ರಶ್ನೆ ಇಷ್ಟೇ. ಆದರೆ ಕಳೆದ ಸುಮಾರು ನೂರೆಂಬತ್ತು ವರ್ಷಗಳಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರಗಳನ್ನು ಸಾಲಾಗಿಟ್ಟು ನೋಡಿದಾಗ, ಮನುಷ್ಯ ತನ್ನ ಪ್ರಾಣವನ್ನು ಯಾವುದರ ಮೇಲೆ ನಂಬಿಕೆಯಿಟ್ಟು ಒಪ್ಪಿಸುತ್ತಾನೆ ಎಂಬುದರ ಚರಿತ್ರೆಯೇ ಅಲ್ಲಿ ಬಿಚ್ಚಿಕೊಳ್ಳುತ್ತದೆಂದು ನನಗೆ ತೋರಿದೆ. ಅದರಲ್ಲಿಯೂ ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ, ಚಾಲಕನಿಲ್ಲದ ಪುಟ್ಟ ಗಾಡಿಗಳನ್ನು ಒಂದಕ್ಕೊಂದು ತಾಗುವಷ್ಟು ಹತ್ತಿರದಲ್ಲಿ ಓಡಿಸಬೇಕೆಂದು ನಾಲ್ಕಾರು ದೇಶಗಳಲ್ಲಿ ನಡೆದ ಸಾಹಸದ ಕಥೆ ಇಂದು ಬಹುಮಟ್ಟಿಗೆ ಮರೆತುಹೋಗಿದೆ. ಆ ಕಥೆಯನ್ನು ಅದರ ಬೇರಿನಿಂದ ಹೇಳುವುದು ನನ್ನ ಉದ್ದೇಶ.

ಎತ್ತಿನ ಗಾಡಿ ಹೊಡೆಯುವವನಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಮುಂದಿನ ಗಾಡಿ ನಿಂತರೆ ಅವನು ಹಗ್ಗ ಬಿಗಿಹಿಡಿಯುತ್ತಾನೆ. ಅವನು ತೂಕಡಿಸುತ್ತಿದ್ದರೆ ಎತ್ತುಗಳೇ ನಿಲ್ಲುತ್ತವೆ. ರೈಲುಗಾಡಿಯ ಸ್ಥಿತಿ ಬೇರೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಸಲೀಸಾಗಿ ಉರುಳುತ್ತದೆ; ಅದೇ ಕಾರಣದಿಂದ ಸಲೀಸಾಗಿ ನಿಲ್ಲುವುದಿಲ್ಲ. ಚಾಲಕನ ಕಣ್ಣಿಗೆ ಅಪಾಯ ಕಾಣುವ ದೂರಕ್ಕಿಂತ ಗಾಡಿ ನಿಲ್ಲಲು ಬೇಕಾದ ದೂರವೇ ಹೆಚ್ಚು. ಆದ್ದರಿಂದ ಹಳಿಯ ಮೇಲೆ ಕಣ್ಣನ್ನು ನಂಬುವಂತಿಲ್ಲ. ಕಣ್ಣಿಗೆ ಬದಲಾಗಿ ಒಂದು ನಿಯಮವನ್ನು ನಂಬಬೇಕು.

ಇಂಗ್ಲೆಂಡಿನ ಮೊದಮೊದಲ ರೈಲ್ವೆಗಳಲ್ಲಿ ಆ ನಿಯಮ ಕಾಲವನ್ನು ಆಧರಿಸಿತ್ತು. ಒಂದು ಗಾಡಿ ನಿಲ್ದಾಣವನ್ನು ಬಿಟ್ಟ ಮೇಲೆ ಇಂತಿಷ್ಟು ನಿಮಿಷ ಕಾಯುವುದು, ಅನಂತರ ಮುಂದಿನದನ್ನು ಬಿಡುವುದು. ಹೊರಟ ಗಾಡಿ ದಾರಿಯಲ್ಲಿ ಎಲ್ಲಿಯೂ ನಿಂತಿಲ್ಲ ಎಂಬ ಊಹೆಯೇ ಈ ನಿಯಮಕ್ಕೆ ಆಧಾರ. ವೀಟ್‌ಸ್ಟನ್ನನೊಡನೆ ಸೇರಿ ವಿದ್ಯುತ್ ತಂತಿಯನ್ನು ಬಳಕೆಗೆ ತಂದ ವಿಲಿಯಂ ಕುಕ್ 1842ರಷ್ಟು ಹಿಂದೆಯೇ ಒಂದು ಪುಸ್ತಿಕೆ ಬರೆದು, ಕಾಲದ ಲೆಕ್ಕವನ್ನು ಬಿಟ್ಟು ಸ್ಥಳದ ಲೆಕ್ಕ ಹಿಡಿಯಿರಿ ಎಂದು ವಾದಿಸಿದ. ಹಾದಿಯನ್ನು ತುಂಡುತುಂಡಾಗಿ ವಿಂಗಡಿಸುವುದು. ಒಂದು ತುಂಡಿನಲ್ಲಿ ಒಂದೇ ಗಾಡಿ. ಅದು ಆಚೆಗೆ ಹೋಯಿತೆಂದು ತಂತಿಯ ಮೂಲಕ ತಿಳಿದ ಮೇಲಷ್ಟೇ ಹಿಂದಿನದಕ್ಕೆ ಅಪ್ಪಣೆ. ನಮ್ಮ ನಾಡಿನ ಒಂಟಿ ಹಳಿಯ ಮಾರ್ಗಗಳಲ್ಲಿ ಪ್ರಯಾಣ ಮಾಡಿದ ಹಿರಿಯರಿಗೆ, ಸ್ಟೇಷನ್ನಿನ ಸಿಬ್ಬಂದಿ ದೊಡ್ಡ ಬಳೆಯೊಂದನ್ನು ಎತ್ತಿ ಹಿಡಿಯುವುದೂ ಓಡುವ ಎಂಜಿನ್ನಿನಿಂದ ಚಾಲಕ ತೋಳು ಚಾಚಿ ಅದನ್ನು ತೆಗೆದುಕೊಳ್ಳುವುದೂ ನೆನಪಿರಬಹುದು. ಆ ಬಳೆಗೆ ಕಟ್ಟಿದ ಚೀಲದಲ್ಲಿದ್ದ ಟೋಕನ್ ಇದೇ ತತ್ತ್ವದ ಮೂರ್ತರೂಪ. ಅದು ಯಾರ ಕೈಯಲ್ಲಿದೆಯೋ ಹಾದಿಯ ಆ ತುಂಡು ಅವನದು.

ತತ್ತ್ವ ಸರಳವಾಗಿತ್ತು, ಆದರೆ ಅದಕ್ಕೆ ಹಣ ಬೇಕಿತ್ತು. ಅನೇಕ ಕಂಪನಿಗಳು ದಶಕಗಟ್ಟಲೆ ಹಳೆಯ ಪದ್ಧತಿಯಲ್ಲೇ ಕಾಲ ಹಾಕಿದವು. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಎಂಬ ಊರಿನಿಂದ ಭಾನುವಾರದ ಶಾಲೆಯ ಮಕ್ಕಳನ್ನೂ ಅವರ ಹೆತ್ತವರನ್ನೂ ಕಡಲ ತೀರಕ್ಕೆ ಕರೆದೊಯ್ಯಲು ವಿಹಾರದ ರೈಲೊಂದು ಹೊರಟಿತು. ಅದರಲ್ಲಿದ್ದವರು ಒಂಬೈನೂರಕ್ಕೂ ಹೆಚ್ಚು ಮಂದಿ. ಊರಾಚೆಯ ಏರನ್ನು ಎಂಜಿನ್ ಹತ್ತಲಾರದೆ ನಿಂತಿತು. ರೈಲನ್ನು ಎರಡಾಗಿ ಬಿಡಿಸಿ, ಮುಂದಿನ ಭಾಗವನ್ನು ಮೊದಲು ಮುಂದಣ ನಿಲ್ದಾಣಕ್ಕೆ ಮುಟ್ಟಿಸಿ ಬರುವುದೆಂದು ತೀರ್ಮಾನವಾಯಿತು. ಕೊಂಡಿ ಕಳಚಿದೊಡನೆ ಹಿಂದಿನ ಹತ್ತು ಡಬ್ಬಿಗಳಿಗೆ ಎಂಜಿನ್ನಿನ ಬ್ರೇಕು ಇಲ್ಲದಂತಾಯಿತು. ಉಳಿದದ್ದು ಗಾರ್ಡಿನ ಕೈಬ್ರೇಕು ಮತ್ತು ಚಕ್ರದ ಕೆಳಗೆ ಕೊಟ್ಟ ಕೆಲವು ಕಲ್ಲುಗಳು. ಎಂಜಿನ್ ಹೊರಡುವಾಗ ಅರೆಕ್ಷಣ ಹಿಂದಕ್ಕೆ ಸರಿಯಿತು. ಆ ತಳ್ಳಿಗೆ ಕಲ್ಲುಗಳು ಪುಡಿಯಾದವು. ಹತ್ತು ಡಬ್ಬಿಗಳೂ ಇಳಿಜಾರಿನಲ್ಲಿ ಹಿಂದಕ್ಕೆ ಉರುಳತೊಡಗಿದವು. ಕಾಲದ ಲೆಕ್ಕದಂತೆ ನಿಗದಿಯಾದ ನಿಮಿಷಗಳನ್ನು ಕಾದು ಬಿಟ್ಟಿದ್ದ ಮತ್ತೊಂದು ರೈಲು ಕೆಳಗಿನಿಂದ ಮೇಲಕ್ಕೆ ಬರುತ್ತಿತ್ತು. ಟಿಕೆಟಿಲ್ಲದವರು ಹತ್ತದಿರಲೆಂದು ಡಬ್ಬಿಗಳ ಬಾಗಿಲುಗಳಿಗೆ ಬೀಗ ಹಾಕಲಾಗಿತ್ತು. ಸುಮಾರು 80 ಮಂದಿ ಸತ್ತರು. ಅವರಲ್ಲಿ ಅನೇಕರು ಮಕ್ಕಳು.

ಮೂರು ತಿಂಗಳು ಕಳೆಯುವುದರೊಳಗೆ ಬ್ರಿಟಿಷ್ ಪಾರ್ಲಿಮೆಂಟು ಕಾನೂನು ಮಾಡಿತು. ಪ್ರಯಾಣಿಕರ ಮಾರ್ಗಗಳಲ್ಲಿ ಒಂದು ತುಂಡಿಗೆ ಒಂದೇ ಗಾಡಿ ಎಂಬ ನಿಯಮವನ್ನೂ, ರೈಲಿನ ಉದ್ದಕ್ಕೂ ತಾನಾಗಿ ಹಿಡಿಯುವ ಬ್ರೇಕನ್ನೂ ಕಡ್ಡಾಯಗೊಳಿಸುವ ಅಧಿಕಾರ ಸರ್ಕಾರಕ್ಕೆ ಬಂದಿತು. ತಾನಾಗಿ ಹಿಡಿಯುವ ಬ್ರೇಕು ಎಂದರೇನೆಂಬುದನ್ನು ಇಲ್ಲಿ ಗಮನಿಸಬೇಕು. ಆರ್ಮಾದ ರೈಲಿನಲ್ಲಿ ಬ್ರೇಕು ಹಿಡಿಯಬೇಕಾದರೆ ಎಂಜಿನ್ನಿನಿಂದ ಶಕ್ತಿ ಬರಬೇಕಾಗಿತ್ತು. ಕೊಂಡಿ ಕಳಚಿದರೆ ಬ್ರೇಕಿಲ್ಲ. ಹೊಸ ಪದ್ಧತಿಯಲ್ಲಿ ಬ್ರೇಕನ್ನು ಸಡಿಲವಾಗಿ ಇಟ್ಟಿರುವುದಕ್ಕೆ ಶಕ್ತಿ ಬೇಕು. ಕೊಂಡಿ ಕಳಚಿದರೆ ಬ್ರೇಕು ತಾನೇ ಕಚ್ಚಿಕೊಳ್ಳುತ್ತದೆ. ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಹಕ್ಕುಪತ್ರ ಪಡೆದ ಹಳಿಯ ವಿದ್ಯುನ್ಮಂಡಲದಲ್ಲಿಯೂ ಇದೇ ವಿವೇಕವಿದೆ. ಹಳಿಯಲ್ಲಿ ಸಣ್ಣ ವಿದ್ಯುತ್ತು ಹರಿಯುತ್ತಿರುವ ತನಕ ಹಾದಿ ತೆರವು. ಗಾಡಿ ಬಂದರೆ ಅದರ ಚಕ್ರಗಳು ವಿದ್ಯುತ್ತಿನ ಹಾದಿ ತಪ್ಪಿಸುತ್ತವೆ. ಹಳಿ ಮುರಿದರೂ ತಂತಿ ಕಡಿದರೂ ವಿದ್ಯುತ್ತು ನಿಲ್ಲುತ್ತದೆ. ಎಲ್ಲಕ್ಕೂ ಉತ್ತರ ಒಂದೇ, ಕೆಂಪು ದೀಪ. ಮೌನವನ್ನು ಸಮ್ಮತಿಯ ಲಕ್ಷಣವೆಂದು ನಾವು ಲೋಕವ್ಯವಹಾರದಲ್ಲಿ ಹೇಳುತ್ತೇವೆ. ರೈಲ್ವೆಯ ಶಾಸ್ತ್ರದಲ್ಲಿ ಮೌನ ಅಪಾಯದ ಲಕ್ಷಣ. ಈ ಒಂದು ಸೂತ್ರವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಈಗ ಇಪ್ಪತ್ತನೆಯ ಶತಮಾನದ ನಡುಭಾಗಕ್ಕೆ ಬರೋಣ. ಅಮೆರಿಕದ ನಗರಗಳು ಮೋಟಾರು ಕಾರುಗಳಿಂದ ಕಿಕ್ಕಿರಿದಿದ್ದವು. ಕಾರಿನ ಸೌಕರ್ಯ ಜನಕ್ಕೆ ಬೇಕು, ಕಾರುಗಳ ಹಾವಳಿ ನಗರಕ್ಕೆ ಬೇಡ. ಈ ಇಕ್ಕಟ್ಟಿಗೆ ಒಂದು ಚೆಲುವಾದ ಪರಿಹಾರ ಕೆಲವರಿಗೆ ಹೊಳೆಯಿತು. ನಗರದ ಬೀದಿಗಳ ಮೇಲೆ ತೆಳುವಾದ ಎತ್ತರದ ಹಾದಿ. ಅದರ ಮೇಲೆ ಮೂರು ನಾಲ್ಕು ಜನ ಕೂರುವ, ವಿದ್ಯುತ್ತಿನಿಂದ ಓಡುವ, ಚಾಲಕನಿಲ್ಲದ ಪುಟ್ಟ ಗಾಡಿಗಳು. ನಿಲ್ದಾಣಗಳು ಮುಖ್ಯ ಹಾದಿಯ ಪಕ್ಕದ ಕವಲುಗಳಲ್ಲಿ. ಹತ್ತಿ ಕುಳಿತು ತಾನು ಹೋಗಬೇಕಾದ ಸ್ಥಳದ ಗುಂಡಿ ಒತ್ತಿದರಾಯಿತು, ಗಾಡಿ ನಡುವೆ ಎಲ್ಲಿಯೂ ನಿಲ್ಲದೆ ನೇರವಾಗಿ ಅಲ್ಲಿಗೇ ಮುಟ್ಟಿಸುತ್ತದೆ. ನಗರ ಯೋಜಕ ಡಾನ್ ಫಿಕ್ಟರ್ 1953ರಿಂದಲೇ ಈ ಕಲ್ಪನೆಯನ್ನು ಬೆಳೆಸುತ್ತ ಬಂದು 1964ರಲ್ಲಿ ಪುಸ್ತಕವಾಗಿ ಹೊರತಂದ. ಅಮೆರಿಕದ ಸರ್ಕಾರ 1968ರಲ್ಲಿ ನಾಳಿನ ನಗರಸಾರಿಗೆಯನ್ನು ಕುರಿತು ಹೊರಡಿಸಿದ ವರದಿಯಲ್ಲಿ ಇದಕ್ಕೆ ಗೌರವದ ಸ್ಥಾನ ದೊರೆಯಿತು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಲು ಹೊರಟಿದ್ದ ಕಾಲ ಅದು. ಗಾಡಿಗಳನ್ನು ತಾವಾಗಿ ಓಡಿಸುವುದು ಯಾವ ಮಹಾ ಕೆಲಸವೆಂದು ಅನೇಕರು ಭಾವಿಸಿದರು.

ಆದರೆ ಲೆಕ್ಕ ಹಾಕಲು ಕುಳಿತೊಡನೆ ತೊಡಕು ಕಂಡಿತು. ದೊಡ್ಡ ರೈಲಿನಲ್ಲಿ ಒಂದೇ ಸಲಕ್ಕೆ ಸಾವಿರ ಜನ ಹೋಗುತ್ತಾರೆ. ಎರಡು ನಿಮಿಷಕ್ಕೊಂದು ರೈಲು ಬಂದರೂ ಸಾಕು. ನಾಲ್ಕು ಜನರ ಗಾಡಿ ಎರಡು ನಿಮಿಷಕ್ಕೊಂದು ಬಂದರೆ ಗಂಟೆಗೆ 120 ಜನ; ಇಷ್ಟಕ್ಕಾಗಿ ಯಾರೂ ಸೇತುವೆಯಂಥ ಹಾದಿ ಕಟ್ಟುವುದಿಲ್ಲ. ಗಾಡಿ ಚಿಕ್ಕದಾದಷ್ಟೂ ಅಂತರವೂ ಚಿಕ್ಕದಾಗಬೇಕು. ಎರಡು ಸೆಕೆಂಡು, ಒಂದು ಸೆಕೆಂಡು, ಸಾಧ್ಯವಾದರೆ ಅರ್ಧ ಸೆಕೆಂಡು. ಇಲ್ಲಿ ಆರ್ಮಾದ ನಿಯಮ ಎದುರು ಬಂದು ನಿಂತಿತು. ಎಂಜಿನಿಯರುಗಳು ಇದನ್ನು ಇಟ್ಟಿಗೆ ಗೋಡೆಯ ನಿಯಮವೆಂದು ಕರೆಯುತ್ತಾರೆ. ಮುಂದಿನ ಗಾಡಿ ಇದ್ದಕ್ಕಿದ್ದಂತೆ ಇಟ್ಟಿಗೆಯ ಗೋಡೆಯಾಗಿ ನಿಂತುಬಿಟ್ಟರೂ ಹಿಂದಿನದು ಅದನ್ನು ಮುಟ್ಟದೆ ನಿಲ್ಲುವಷ್ಟು ಅಂತರವಿರಲೇಬೇಕು ಎಂಬುದು ಅದರ ತಾತ್ಪರ್ಯ.

ಕೇಳುಗರು ಬೇಸರಿಸದಿದ್ದರೆ ಒಂದು ಸಣ್ಣ ಲೆಕ್ಕ. ಗಂಟೆಗೆ 36 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 10 ಮೀಟರ್. ಕುಳಿತ ಪ್ರಯಾಣಿಕರು ಆಸನದಿಂದ ಎಸೆಯಲ್ಪಡದಂತೆ ಬ್ರೇಕು ಹಿಡಿದರೆ, ಪ್ರತಿ ಸೆಕೆಂಡಿಗೆ ಎರಡೂವರೆ ಮೀಟರಿನಷ್ಟು ವೇಗ ಇಳಿಯುತ್ತದೆನ್ನೋಣ. ಆಗ ಗಾಡಿ ನಿಲ್ಲಲು 20 ಮೀಟರ್ ಬೇಕು. ಅಪಾಯ ತಿಳಿದು ಬ್ರೇಕು ಹಿಡಿಯುವಷ್ಟರಲ್ಲಿ ಅರ್ಧ ಸೆಕೆಂಡು ಕಳೆದರೆ ಇನ್ನು 5 ಮೀಟರ್. ಗಾಡಿಯ ಉದ್ದ 3 ಮೀಟರ್. ಒಟ್ಟು 28 ಮೀಟರ್. ಕಾಲದ ಲೆಕ್ಕದಲ್ಲಿ 2.8 ಸೆಕೆಂಡು. ಗಂಟೆಗೆ ಸುಮಾರು 1,285 ಗಾಡಿಗಳು ಹೋಗಬಹುದು. ಪ್ರಯಾಣಿಕರು ನಿಂತಿದ್ದರೆ ಬ್ರೇಕನ್ನು ಇನ್ನೂ ಮೃದುವಾಗಿ ಹಿಡಿಯಬೇಕು. ಅರ್ಧದಷ್ಟು ಮೃದುವಾದರೆ 750 ಗಾಡಿಗಳು ಮಾತ್ರ. ಅಂತರವನ್ನು ಒಂದು ಸೆಕೆಂಡಿಗೆ ಇಳಿಸಿದರೆ 3,600 ಗಾಡಿಗಳು. ಒಂದು ನಿಯಮಕ್ಕೆ ಕೊಡಬೇಕಾದ ಬೆಲೆ ಇಷ್ಟು ದೊಡ್ಡದು.

ಆ ನಿಯಮವನ್ನು ಬಿಟ್ಟರೆ ಏನಾಗುತ್ತದೆ? ಒಂದು ಸೆಕೆಂಡಿನ ಅಂತರದಲ್ಲಿ ಎರಡು ಗಾಡಿಗಳ ನಡುವೆ ಬರಿದಾದ ಜಾಗ 7 ಮೀಟರ್. ಮುಂದಿನದು ಬ್ರೇಕು ಹಿಡಿದು ನಿಂತರೆ, ಅರ್ಧ ಸೆಕೆಂಡು ತಡವಾಗಿ ಅಷ್ಟೇ ಬಿಗಿಯಾಗಿ ಬ್ರೇಕು ಹಿಡಿದ ಹಿಂದಿನದೂ 2 ಮೀಟರ್ ಉಳಿಸಿಕೊಂಡು ನಿಲ್ಲುತ್ತದೆ, ಅಪಘಾತವಿಲ್ಲ. ಮುಂದಿನದು ನಿಜವಾಗಿ ಗೋಡೆಯಂತೆ ನಿಂತರೆ, ಹಿಂದಿನದು ಗಂಟೆಗೆ 34 ಕಿಲೋಮೀಟರ್ ವೇಗದಲ್ಲಿ ಹೋಗಿ ಅಪ್ಪಳಿಸುತ್ತದೆ. ವಾದವೆಲ್ಲ ಇಲ್ಲಿಯೇ ಇರುವುದು. ಗಾಡಿ ಗೋಡೆಯಾಗುವುದುಂಟೇ? ಚಕ್ರ ಬಿಗಿದರೂ ಅದು ಜಾರಿಕೊಂಡಾದರೂ ಸ್ವಲ್ಪ ದೂರ ಹೋಗದೆ ಇರುವುದಿಲ್ಲ ಎಂದು ಒಂದು ಪಕ್ಷ. ಹಾದಿಗೆ ಮರ ಬಿದ್ದರೆ, ಕಂಬ ಮುರಿದರೆ, ಚಕ್ರ ಕಳಚಿ ಗಾಡಿ ಸಿಕ್ಕಿಕೊಂಡರೆ ಏನು ಎಂದು ಇನ್ನೊಂದು ಪಕ್ಷ. ಮೊದಲನೆಯವರು ಸಂಭವದ ಲೆಕ್ಕ ಹೇಳುತ್ತಿದ್ದರು. ಎರಡನೆಯವರು ಸತ್ತವರ ಲೆಕ್ಕ ಹೇಳುತ್ತಿದ್ದರು. ಆರ್ಮಾದಲ್ಲಿ ಮುಂದಿನ ಗಾಡಿ ಗೋಡೆಯಾಗುವುದಿರಲಿ, ಹಿಂದಿರುಗಿ ಬಂದಿತ್ತು.

ಅಂತರವನ್ನು ಕಾಯುವ ಯಂತ್ರ ಹೇಗಿರಬೇಕೆಂಬುದರಲ್ಲಿಯೂ ಎರಡು ಪಂಥಗಳಿದ್ದವು. ಒಂದರಲ್ಲಿ ಗಣಕಯಂತ್ರವು ಹಾದಿಯ ಮೇಲೆ ಸಮಾನ ಅಂತರದಲ್ಲಿ ಓಡುವ ಕಾಲ್ಪನಿಕ ಬಿಂದುಗಳನ್ನು ಸೃಷ್ಟಿಸುತ್ತದೆ. ಪ್ರತಿ ಗಾಡಿಗೂ ಒಂದು ಬಿಂದು. ಗಾಡಿ ತನ್ನ ನೆರೆಯವನ್ನು ನೋಡಬೇಕಾಗಿಲ್ಲ. ತನ್ನ ಬಿಂದುವನ್ನು ಬಿಡದೆ ಹಿಂಬಾಲಿಸಿದರೆ ಸಾಕು. ಎರಡನೆಯ ಪಂಥದಲ್ಲಿ ಮೇಲಿನಿಂದ ಯಾರ ಅಪ್ಪಣೆಯೂ ಇಲ್ಲ. ಪ್ರತಿ ಗಾಡಿಯೂ ತನ್ನ ಮುಂದಿನದರ ದೂರವನ್ನೂ ವೇಗವನ್ನೂ ತಾನೇ ಅಳೆದುಕೊಂಡು ನಡೆಯುತ್ತದೆ. ಈ ಎರಡನೆಯ ಬಗೆಯಲ್ಲಿ ಒಂದು ವಿಚಿತ್ರವಾದ ರೋಗ ಕಾಣಿಸಿಕೊಳ್ಳುತ್ತದೆ. ಜಾತ್ರೆಯ ಗುಂಪಿನಲ್ಲಿ ಮುಂದಿನವನು ಅರೆಹೆಜ್ಜೆ ತಡೆದರೆ, ಹಿಂದಿನವನು ಒಂದು ಹೆಜ್ಜೆ ತಡೆಯುತ್ತಾನೆ, ಅವನ ಹಿಂದಿನವನು ಮುಗ್ಗರಿಸುತ್ತಾನೆ, ಸಾಲಿನ ಕೊನೆಯವನು ಬಿದ್ದೇಬಿಡುತ್ತಾನೆ. ಬಿದ್ದವನಿಗೂ ಮುಂದಿದ್ದವನಿಗೂ ಕಾರಣ ತಿಳಿಯದು. ಮುಂದಿನವನನ್ನು ಮಾತ್ರ ನೋಡಿಕೊಂಡು ನಡೆಯುವ ಗಾಡಿಗಳ ಸಾಲಿನಲ್ಲಿಯೂ ಹೀಗೆಯೇ ಸಣ್ಣ ಅಲುಗಾಟ ಹಿಂದಕ್ಕೆ ಹೋಗುತ್ತ ಹೋಗುತ್ತ ದೊಡ್ಡದಾಗುತ್ತದೆ. ಇದಕ್ಕೆ ಔಷಧವೂ ಗೊತ್ತಿದೆ. ಡೊಳ್ಳು ಕುಣಿತದವರು ಮುಂದಿನವನ ಹಿಮ್ಮಡಿಯನ್ನು ನೋಡಿ ಹೆಜ್ಜೆ ಹಾಕುವುದಿಲ್ಲ, ಎಲ್ಲರೂ ಒಂದೇ ಬಡಿತವನ್ನು ಕೇಳಿ ಹೆಜ್ಜೆ ಹಾಕುತ್ತಾರೆ. ಸಾಲಿನ ಮೊದಲನೆಯ ಗಾಡಿಯ ನಡೆ ಏಕಕಾಲದಲ್ಲಿ ಎಲ್ಲ ಗಾಡಿಗಳಿಗೂ ತಿಳಿಯುವಂತೆ ಮಾಡಿದರೆ ಅಲುಗಾಟ ಅಡಗುತ್ತದೆ.

ಈ ಕನಸುಗಳಲ್ಲಿ ಮೊದಲು ನೆಲಕ್ಕಿಳಿದದ್ದು ಅಮೆರಿಕದ ಪಶ್ಚಿಮ ವರ್ಜೀನಿಯದ ಮಾರ್ಗನ್‌ಟೌನ್ ಎಂಬ ಗುಡ್ಡಗಾಡಿನ ಊರಿನಲ್ಲಿ. ಅಲ್ಲಿನ ವಿಶ್ವವಿದ್ಯಾನಿಲಯದ ಆವರಣಗಳು ಬೇರೆಬೇರೆ ಗುಡ್ಡಗಳ ಮೇಲೆ ಹಂಚಿಹೋಗಿದ್ದವು. ನಡುವಿನ ಬೀದಿಗಳು ಇಕ್ಕಟ್ಟು. ಅಲ್ಲಿನ ಪ್ರಾಧ್ಯಾಪಕ ಸ್ಯಾಮಿ ಇಲಾಯಸ್ ಅವರ ಒತ್ತಾಸೆಯಿಂದ ಕೇಂದ್ರ ಸರ್ಕಾರದ ಹಣ ಬಂದಿತು. ಗಾಡಿಗಳನ್ನು ಮಾಡಿದ್ದು ವಿಮಾನ ತಯಾರಿಸುವ ಬೋಯಿಂಗ್ ಕಂಪನಿ. 1972ರ ನವೆಂಬರಿನಲ್ಲಿ ಅಧ್ಯಕ್ಷರ ಚುನಾವಣೆಯಿದ್ದುದರಿಂದ ಕೆಲಸ ಅವಸರದಲ್ಲಿ ನಡೆದು, ಅಕ್ಟೋಬರಿನಲ್ಲಿಯೇ ನಿಕ್ಸನ್ನರ ಮಗಳನ್ನು ಕರೆಸಿ ಸಮಾರಂಭ ಮಾಡಲಾಯಿತು. ಜನರು ಹತ್ತಿದ್ದು 1975ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಖರ್ಚು ಮೊದಲ ಅಂದಾಜಿನ ಹಲವು ಪಟ್ಟು ಏರಿತ್ತು. ಗಾಡಿಗಳು ಬಿಂದುವನ್ನು ಹಿಂಬಾಲಿಸುವ ಪಂಥದವು. ಆದರೆ ಕಟ್ಟಿದವರು ಗಣಕಯಂತ್ರವೊಂದನ್ನೇ ನಂಬಲಿಲ್ಲ. ಹಾದಿಯನ್ನು ತುಂಡುಗಳಾಗಿ ವಿಂಗಡಿಸಿ, ಮುಂದಿನ ತುಂಡು ತೆರವಾಗಿರುವ ತನಕ ಒಂದು ಅಭಯ ಸಂಕೇತ ಗಾಡಿಗೆ ಕೇಳಿಸುತ್ತಿರುವಂತೆ ಬೇರೆಯೇ ಒಂದು ಕಾವಲನ್ನಿಟ್ಟರು. ಸಂಕೇತ ನಿಂತರೆ ಗಾಡಿ ನಿಲ್ಲುತ್ತದೆ. ರಾಬಿನ್ಸನ್ನನ ಹಳೆಯ ವಿವೇಕವೇ ಇದು! ಆ ವಿವೇಕಕ್ಕೆ ತೆತ್ತ ಬೆಲೆಯೂ ಕಾಣುತ್ತದೆ. ಗಾಡಿಗಳ ನಡುವಣ ಅಂತರ 15 ಸೆಕೆಂಡು. ಆದ್ದರಿಂದ ಗಾಡಿ ನಾಲ್ಕು ಜನರದಾಗಿ ಉಳಿಯಲಿಲ್ಲ, ಎಂಟು ಜನ ಕುಳಿತು ಉಳಿದವರು ನಿಂತು ಒಟ್ಟು ಸುಮಾರು 20 ಜನ ಹಿಡಿಸುವ ಪುಟ್ಟ ಬಸ್ಸಾಯಿತು. ಕನಸು ಕಂಡವರು ಇದನ್ನು ತಮ್ಮದೆಂದು ಒಪ್ಪಲು ಹಿಂಜರಿದರು. ಆದರೂ ಅದು ಓಡಿತು. ಅರ್ಧ ಶತಮಾನ ಕಳೆದ ಮೇಲೆಯೂ ವಿದ್ಯಾರ್ಥಿಗಳನ್ನು ಹೊತ್ತು ಓಡುತ್ತಿದೆ.

ಅಂತರವನ್ನು ನಿಜವಾಗಿ ಕುಗ್ಗಿಸಲು ಹೊರಟವರ ಗತಿ ಬೇರೆಯಾಯಿತು. ಜಪಾನಿನವರು 1970ರಲ್ಲಿ ಆರಂಭಿಸಿ, ಟೋಕಿಯೋದ ಹೊರವಲಯದ ಹಿಗಾಶಿಮುರಾಯಾಮಾದಲ್ಲಿ ಸುಮಾರು ಐದು ಕಿಲೋಮೀಟರಿನ ಪರೀಕ್ಷಾ ಪಥವನ್ನು ಕಟ್ಟಿ, ನಾಲ್ಕು ಜನರ ಗಾಡಿಗಳನ್ನು ಒಂದು ಸೆಕೆಂಡಿನ ಅಂತರದಲ್ಲಿ ಓಡಿಸಿ ತೋರಿಸಿದರು. ಯಂತ್ರ ಸೋಲಲಿಲ್ಲ, 1978ರಲ್ಲಿ ಸರ್ಕಾರ ಅನುಮತಿ ನಿರಾಕರಿಸಿತು. ಬ್ರೇಕಿನ ದೂರ ಮತ್ತು ಗಾಡಿಗಳ ಅಂತರ ರೈಲ್ವೆಯ ಸುರಕ್ಷತಾ ನಿಯಮಗಳಿಗೆ ಹೊಂದುವುದಿಲ್ಲ ಎಂಬುದೇ ಕಾರಣ. ಜರ್ಮನಿಯ ಹಾಗೆನ್ ನಗರದಲ್ಲಿ ಡೆಮಾಗ್ ಮತ್ತು ಎಂ.ಬಿ.ಬಿ. ಕಂಪನಿಗಳು ಒಂದೇ ತೊಲೆಯ ಮೇಲೆ ಒಂದು ಸಾಲು, ಅದರ ಕೆಳಗೆ ತೂಗುವ ಇನ್ನೊಂದು ಸಾಲು, ಹೀಗೆ ಮೂರು ಜನರ ಗಾಡಿಗಳನ್ನು ಓಡಿಸಿದವು. ಅವು ಮುಂದಿನ ಗಾಡಿಯ ಅಂತರವನ್ನು ತಾವೇ ಅಳೆಯುವ ಪಂಥದವು. 1973ರಿಂದ 1979ರವರೆಗೆ ಪರೀಕ್ಷೆಗಳು ನಡೆದವು. ನಗರದಲ್ಲಿ ಕಟ್ಟಲು ಹಣ ದೊರೆಯಲಿಲ್ಲ. ಪರೀಕ್ಷಾ ಪಥವೇ ಅದರ ಆದಿಯೂ ಅಂತ್ಯವೂ ಆಯಿತು.

ಎಲ್ಲಕ್ಕಿಂತ ಧೀರವಾದದ್ದು, ಎಲ್ಲಕ್ಕಿಂತ ಕರುಣಾಜನಕವಾದದ್ದು, ಪ್ಯಾರಿಸ್ಸಿನ ಆರಾಮಿಸ್. ಡ್ಯೂಮಾನ ಕಾದಂಬರಿಯ ಮೂವರು ವೀರರಲ್ಲಿ ಒಬ್ಬನ ಹೆಸರಿದು. ಒಂದು ಉದ್ದವಾದ ತಾಂತ್ರಿಕ ನಾಮಧೇಯದ ಮೊದಲಕ್ಷರಗಳನ್ನು ಜೋಡಿಸಿ ಇದನ್ನು ಹುಟ್ಟಿಸಿದ್ದರು. ಮಾತ್ರಾ ಎಂಬ ಕಂಪನಿಯೂ ಪ್ಯಾರಿಸ್ಸಿನ ಸಾರಿಗೆ ಸಂಸ್ಥೆಯೂ ಸೇರಿ ನಡೆಸಿದ ಈ ಪ್ರಯತ್ನದ ಮೂಲ ಕಲ್ಪನೆ ಅದ್ಭುತವಾದದ್ದು. ಗಾಡಿಗಳನ್ನು ದೂರದಲ್ಲಿಡುವುದೇಕೆ? ರೈಲಿನ ಡಬ್ಬಿಗಳು ಒಂದಕ್ಕೊಂದು ಅಂಟಿಕೊಂಡೇ ಓಡುತ್ತವಲ್ಲ, ಅವಕ್ಕೆ ಡಿಕ್ಕಿಯ ಭಯವಿಲ್ಲವಲ್ಲ? ಹಾಗಾದರೆ ಪುಟ್ಟ ಗಾಡಿಗಳೂ ರೈಲಿನಂತೆ ಕೂಡಿ ಓಡಲಿ; ಕಬ್ಬಿಣದ ಕೊಂಡಿ ಮಾತ್ರ ಬೇಡ. ಕಣ್ಣಿಗೆ ಕಾಣದ, ಲೆಕ್ಕದಿಂದ ಮಾಡಿದ ಕೊಂಡಿ ಸಾಕು. ಕವಲು ಬಂದಾಗ ಬೇಕಾದ ಗಾಡಿ ಸಾಲಿನಿಂದ ಕಳಚಿಕೊಂಡು ತನ್ನ ದಾರಿ ಹಿಡಿಯಲಿ. ಉಳಿದವು ಮತ್ತೆ ಕೂಡಿಕೊಳ್ಳಲಿ. 1973ರಲ್ಲಿ ಓರ್ಲಿಯ ಪರೀಕ್ಷಾ ಪಥದಲ್ಲಿ ಪುಟ್ಟ ಗಾಡಿಗಳು ಸುಮಾರು 30 ಸೆಂಟಿಮೀಟರ್ ಅಂತರದಲ್ಲಿ ಕೂಡಿ ಓಡಿದವು, ಅಗಲಿದವು, ಮತ್ತೆ ಕೂಡಿದವು.

ಇದು ಹುಚ್ಚಲ್ಲ. ನಮ್ಮ ಹಿಂದಿನ ಲೆಕ್ಕವನ್ನೇ ಮುಂದುವರಿಸಿ ನೋಡಿ. 30 ಸೆಂಟಿಮೀಟರ್ ಅಂತರದಲ್ಲಿ ಮುಂದಿನ ಗಾಡಿ ಬ್ರೇಕು ಹಿಡಿದರೆ, ಹಿಂದಿನದು ಎಚ್ಚರಗೊಳ್ಳುವ ಮೊದಲೇ ತಾಗುತ್ತದೆ, ನಿಜ. ಆದರೆ ಅಷ್ಟು ಹೊತ್ತಿನಲ್ಲಿ ಎರಡರ ವೇಗಗಳ ನಡುವೆ ಹುಟ್ಟುವ ವ್ಯತ್ಯಾಸ ಗಂಟೆಗೆ ನಾಲ್ಕೂವರೆ ಕಿಲೋಮೀಟರನ್ನು ಮುಟ್ಟುವುದಿಲ್ಲ. ನಡೆದುಹೋಗುವವನು ಭುಜಕ್ಕೆ ಭುಜ ತಾಗಿಸಿದಷ್ಟು ಪೆಟ್ಟು. ತೀರ ದೂರವಿದ್ದರೆ ಡಿಕ್ಕಿಯಿಲ್ಲ, ತೀರ ಹತ್ತಿರವಿದ್ದರೆ ಡಿಕ್ಕಿಯಲ್ಲಿ ಬಲವಿಲ್ಲ. ಅಪಾಯವೆಲ್ಲ ನಡುವಿನಲ್ಲಿದೆ. ಇಟ್ಟಿಗೆ ಗೋಡೆಯ ನಿಯಮವನ್ನು ಇಷ್ಟು ಜಾಣತನದಿಂದ ಎದುರಿಸಿದ ಉತ್ತರ ಇನ್ನೊಂದಿಲ್ಲ. ಆದರೆ ಗಾಡಿ ಸಾಲಿಗೆ ಸೇರಬೇಕಾದರೂ ಸಾಲನ್ನು ಬಿಡಬೇಕಾದರೂ ಆ ನಡುವಿನ ಅಪಾಯದ ಸೀಮೆಯನ್ನು ದಾಟಲೇಬೇಕಲ್ಲ!

1984ರಲ್ಲಿ ಪ್ಯಾರಿಸ್ಸಿನ ದಕ್ಷಿಣ ಭಾಗದ ಬೂಲ್ವಾರ್ ವಿಕ್ತೋರ್ ಬಳಿ ದೊಡ್ಡ ಪ್ರಯೋಗಕ್ಕೆ ಒಪ್ಪಂದವಾಯಿತು. ವರ್ಷಗಳು ಕಳೆದಂತೆ ನಾಲ್ಕು ಆಸನದ ಗಾಡಿ ಹತ್ತು ಆಸನದ್ದಾಯಿತು. ಆ ಮೇಲೆ ಎರಡೆರಡು ಗಾಡಿಗಳನ್ನು ಕಬ್ಬಿಣದ ಕೊಂಡಿಯಿಂದಲೇ ಜೋಡಿಸಲಾಯಿತು. ಹೀಗೆ ಆರಾಮಿಸ್ ದಿನದಿನಕ್ಕೆ ಸಾಮಾನ್ಯ ರೈಲಿನಂತಾಗುತ್ತ ಬಂದಿತು. ಕಾಣದ ಕೊಂಡಿಯೊಂದು ಮಾತ್ರ ಕೊನೆಯವರೆಗೂ ಉಳಿಯಿತು. 1987ರ ನವೆಂಬರಿನಲ್ಲಿ ಯೋಜನೆಯನ್ನು ನಿಲ್ಲಿಸಿದರು. ಬ್ರೂನೋ ಲಾಟೂರ್ ಎಂಬ ವಿದ್ವಾಂಸ ಆರಾಮಿಸ್ಸನ್ನು ಕೊಂದವರು ಯಾರೆಂಬ ಪತ್ತೇದಾರಿ ಶೋಧದ ರೂಪದಲ್ಲಿ 1992ರಲ್ಲಿ ಒಂದು ಪುಸ್ತಕ ಪ್ರಕಟಿಸಿದ್ದಾನೆ. ಅದರಲ್ಲಿ ಎಂಜಿನಿಯರುಗಳೂ ಅಧಿಕಾರಿಗಳೂ ಮಾತನಾಡುತ್ತಾರೆ, ಸತ್ತ ಯಂತ್ರವೂ ಮಾತನಾಡುತ್ತದೆ. ಸಾಹಿತ್ಯದ ಒಲವುಳ್ಳವರು ಓದಬೇಕಾದ ಪುಸ್ತಕ. ಯಾರೂ ಕೊಲ್ಲಲಿಲ್ಲ, ಎಲ್ಲರೂ ಪ್ರೀತಿಸುವುದನ್ನು ಬಿಟ್ಟರು ಎಂಬುದು ಅವನ ತೀರ್ಪಿನ ಸಾರ.

ಆ ತೀರ್ಪನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ಮಾತು ಸೇರಿಸಬಯಸುತ್ತೇನೆ. ಬರಿದಾದ ಅಂತರ ಜಾಮೀನಿನ ಹಾಗೆ. ಮುಂದಿನ ಗಾಡಿ ಏನಾದರೂ ಮಾಡಿಕೊಳ್ಳಲಿ, ಲೆಕ್ಕ ಎಲ್ಲಿಯಾದರೂ ತಪ್ಪಲಿ, ಆ 20 ಮೀಟರ್ ಖಾಲಿ ಜಾಗ ಪ್ರಯಾಣಿಕನ ಪಾಲಿಗೆ ನಿಂತಿರುತ್ತದೆ. ಅದನ್ನು ತೆಗೆದುಬಿಡಿ ಎನ್ನುವವನು ಅದರ ಬದಲಿಗೆ ಬೇರೊಂದು ಜಾಮೀನನ್ನು ತರಬೇಕು. ಆರಾಮಿಸ್ಸಿನ ಎಂಜಿನಿಯರುಗಳು ತಂದದ್ದು ಕಾಣದ ಕೊಂಡಿಯನ್ನು. ಆ ಕೊಂಡಿ ಕಳಚಿದಾಗ ಬ್ರೇಕು ತಾನೇ ಕಚ್ಚಿಕೊಳ್ಳುವಂತೆ ಮಾಡಬಹುದು. ಆದರೆ ಕಳಚಿದ್ದನ್ನು ಕಳಚಿಲ್ಲವೆಂದು ಗಣಕಯಂತ್ರ ತಪ್ಪಾಗಿ ತಿಳಿದರೆ? ಹಳಿಯ ವಿದ್ಯುತ್ತಿನ ಮೌನ ಸುಳ್ಳು ಹೇಳಲಾರದು. ಲಕ್ಷಗಟ್ಟಲೆ ಸಂಖ್ಯೆಗಳ ಮಾತು ತಪ್ಪಬಹುದು. ತಪ್ಪುವುದಿಲ್ಲವೆಂದು ಆ ಕಾಲದಲ್ಲಿ ಯಾರೂ ಸಹಿ ಹಾಕಿ ಕೊಡಲಾರದವರಾಗಿದ್ದರು.

ಹಾಗೆಂದು ಆ ಸಾಹಸ ವ್ಯರ್ಥವಾಯಿತೆನ್ನಲಾಗದು. ಕೆನಡದ ಟೊರಾಂಟೋದಲ್ಲಿ ಪುಟ್ಟ ಗಾಡಿಗಳನ್ನು ಓಡಿಸಲು ಜರ್ಮನಿಯ ಕ್ರೌಸ್ ಮಾಫೈ ಕಂಪನಿ ಒಪ್ಪಿಕೊಂಡಿದ್ದ ಯೋಜನೆ 1974ರಲ್ಲಿ ಬಿದ್ದುಹೋಯಿತು. ಆದರೆ ಅದಕ್ಕಾಗಿ ಲೊರೆಂಟ್ಸ್ ಕಂಪನಿ ರೂಪಿಸಿದ್ದ ನಿಯಂತ್ರಣ ಪದ್ಧತಿ ಬದುಕಿತು. ಅದರಲ್ಲಿ ಹಾದಿಯ ತುಂಡುಗಳು ನೆಲಕ್ಕೆ ಅಂಟಿರುವುದಿಲ್ಲ. ಗಾಡಿ ತಾನಿರುವ ಸ್ಥಳವನ್ನು ಕ್ಷಣಕ್ಷಣಕ್ಕೂ ತಿಳಿಸುತ್ತದೆ, ಅದರ ಹಿಂದಿನ ರಕ್ಷಿತ ತುಂಡು ಅದರ ನೆರಳಿನಂತೆ ಜೊತೆಯಲ್ಲೇ ಚಲಿಸುತ್ತದೆ. ಹಳೆಯ ಟೋಕನ್ನಿಗೆ ಕಾಲು ಬಂದಂತೆ! 1986ರ ವಿಶ್ವಮೇಳದ ಹೊತ್ತಿಗೆ ಸಿದ್ಧವಾದ ವ್ಯಾಂಕೂವರ್ ನಗರದ ಚಾಲಕನಿಲ್ಲದ ರೈಲು ಇದನ್ನೇ ಬಳಸಿತು. ಆರಾಮಿಸ್ಸಿನ ತಂದೆಯಾದ ಮಾತ್ರಾ ಕಂಪನಿಯೇ 1983ರಲ್ಲಿ ಲೀಲ್ ನಗರದಲ್ಲಿ ಚಾಲಕನಿಲ್ಲದ ಮೆಟ್ರೋವನ್ನು ಯಶಸ್ವಿಯಾಗಿ ಓಡಿಸಿತ್ತು. 1998ರಲ್ಲಿ ಪ್ಯಾರಿಸ್ಸಿನ ಹದಿನಾಲ್ಕನೆಯ ಮಾರ್ಗಕ್ಕೂ ನಿಯಂತ್ರಣ ಒದಗಿಸಿತು. ಹತ್ತಿರ ಹತ್ತಿರ ಓಡುವ ಕಲೆ ಪುಟ್ಟ ಗಾಡಿಗಳಿಗಾಗಿ ಹುಟ್ಟಿ ದೊಡ್ಡ ರೈಲುಗಳ ಮನೆಯಲ್ಲಿ ಬೆಳೆಯಿತು. ಇಟ್ಟಿಗೆ ಗೋಡೆಯ ನಿಯಮವನ್ನು ಅದು ಮುರಿಯಲಿಲ್ಲ. ಆ ನಿಯಮದೊಳಗೆ ವ್ಯರ್ಥವಾಗುತ್ತಿದ್ದ ಜಾಗವನ್ನಷ್ಟೇ ಉಳಿಸಿಕೊಟ್ಟಿತು.

ಈ ಪರಂಪರೆ ನಮ್ಮ ಊರಿಗೂ ಬಂದಿದೆ. 2025ರ ಆಗಸ್ಟಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗೆ ತೆರೆದ ಹಳದಿ ಮಾರ್ಗದ ರೈಲುಗಳು ರೇಡಿಯೋ ಅಲೆಗಳ ಮೂಲಕ ತಮ್ಮ ಸ್ಥಳವನ್ನು ತಿಳಿಸುತ್ತ, ತಮಗೆ ಎಲ್ಲಿಯವರೆಗೆ ಅಪ್ಪಣೆಯಿದೆಯೆಂಬುದನ್ನು ಪಡೆಯುತ್ತ ಓಡುತ್ತವೆ. ಚಾಲಕನಿಲ್ಲದೆ ಓಡಬಲ್ಲ ಆ ರೈಲುಗಳನ್ನು ಆರಂಭದಲ್ಲಿ ಚಾಲಕರನ್ನು ಇಟ್ಟುಕೊಂಡೇ ಓಡಿಸಿದರು. ಇದನ್ನು ಕಂಡು ನಕ್ಕವರಿದ್ದಾರೆ. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಹೊಸ ಜಾಮೀನುದಾರನ ಮಾತು ಗಟ್ಟಿಯೆಂದು ಗೊತ್ತಾಗುವ ತನಕ ಹಳಬನನ್ನು ಬಿಟ್ಟುಕೊಡದಿರುವುದು ಲೋಕದ ರೂಢಿ.

ಪ್ರಶ್ನೆ ಇನ್ನೂ ಮುಗಿದಿಲ್ಲ. 1997ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಹೆದ್ದಾರಿಯಲ್ಲಿ ಎಂಟು ಕಾರುಗಳು ಸುಮಾರು ಆರೂವರೆ ಮೀಟರ್ ಅಂತರದಲ್ಲಿ, ತಮ್ಮೊಳಗೆ ರೇಡಿಯೋ ಮಾತುಕತೆ ನಡೆಸುತ್ತ, ಗಂಟೆಗೆ ನೂರು ಕಿಲೋಮೀಟರಿಗೆ ಸಮೀಪದ ವೇಗದಲ್ಲಿ ಓಡಿದವು. ಅಂದಿನಿಂದ ರಸ್ತೆಗಳ ಮೇಲೆಯೂ ಅಂತರವನ್ನು ಕುಗ್ಗಿಸುವ ಮಾತು ಮತ್ತೆಮತ್ತೆ ಕೇಳಿಬರುತ್ತಿದೆ. ಹಳಿಯ ಮೇಲಿನ ಅನುಭವ ಹೊಸಬರ ಕೈಹಿಡಿಯಬಲ್ಲದು ಎಂಬುದು ನನ್ನ ನಂಬಿಕೆ. ಕುಗ್ಗಿಸಬಾರದೆಂದು ಆ ಅನುಭವ ಹೇಳುವುದಿಲ್ಲ. ಅಂತರ ಹೋದ ಜಾಗದಲ್ಲಿ ಯಾರು ನಿಲ್ಲುತ್ತಾರೆಂದು ಕೇಳುತ್ತದೆ. ಆರ್ಮಾದ ಇಳಿಜಾರಿನಲ್ಲಿ ಆ ಜಾಗದಲ್ಲಿದ್ದದ್ದು ಕೆಲವು ನಿಮಿಷಗಳ ಊಹೆ ಮತ್ತು ನಾಲ್ಕಾರು ಕಲ್ಲುಗಳು. ಬೀಗ ಹಾಕಿದ ಡಬ್ಬಿಯಲ್ಲಿ ಕುಳಿತಿದ್ದ ಮಕ್ಕಳನ್ನು ಆ ಬಗ್ಗೆ ಯಾರೂ ಕೇಳಿರಲಿಲ್ಲ. ಗಾಡಿಯೊಳಗೆ ಕುಳಿತವನಿಗೆ ಮುಂದಿನ ಗಾಡಿ ಕಾಣುವುದಿಲ್ಲ; ಆದ್ದರಿಂದ ಅವನ ಪರವಾಗಿ ಈ ಪ್ರಶ್ನೆಯನ್ನು ಮೊದಲೇ ಕೇಳಿಟ್ಟಿರಬೇಕಾದವರು ಹೊರಗಿರುವ ನಾವೆಲ್ಲ.